ಅಡುಗೆಮನೆಯ ಹೊಗೆಗೂ ಯೋಜನಾ ವರದಿಯಲ್ಲಿ ಸ್ಥಾನವಿರಲಿ

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಹೋಟೆಲು, ಖಾನಾವಳಿ, ಕುರುಕಲು ತಿಂಡಿ ತಯಾರಿಕೆಗೆ ಬಂಡವಾಳ ಹೂಡುವವರು ಬ್ಯಾಂಕಿಗೆ ಸಲ್ಲಿಸುವ ಯೋಜನಾ ವರದಿಗಳಲ್ಲಿ ಗ್ರೈಂಡರು, ಒಲೆ, ಪೀಠೋಪಕರಣ, ನಾಮಫಲಕಗಳಿಗೂ ಒಂದೊಂದು ಸಾಲು ಇರುತ್ತದೆ. ಹೊಗೆಗೆ ಮಾತ್ರ ಇರುವುದು ಅಪರೂಪ. ಕಟ್ಟಡ ಮುಗಿದು, ಸಾಲ ಬಿಡುಗಡೆಯಾಗಿ, ಭಟ್ಟರು ಕಣ್ಣುಜ್ಜಿಕೊಳ್ಳತೊಡಗಿದ ಮೇಲೆ ಗೋಡೆಗೆ ರಂಧ್ರ ಕೊರೆದು ಫ್ಯಾನು ಕೂರಿಸಲಾಗುತ್ತದೆ. ಇದನ್ನು ಉಳಿತಾಯವೆಂದು ಒಪ್ಪಲು ಸಾಧ್ಯವಿಲ್ಲ.

ಶಿರಾದ ಹೆದ್ದಾರಿ ಬದಿಯಲ್ಲಿ ಒಲೆ ದಿನವಿಡೀ ಆರುವುದಿಲ್ಲ. ಗೊರವನಹಳ್ಳಿಯಂಥ ಕ್ಷೇತ್ರದಲ್ಲಿ ಯಾತ್ರಿಕರು ಸೇರುವ ದಿನ ಕೆಲಸ ಹಠಾತ್ತನೆ ಇಮ್ಮಡಿಸುತ್ತದೆ. ಆ ಹೊಗೆಯನ್ನು ಉಸಿರಾಡುವವನು ಬಾಣಲೆಯ ಮುಂದೆ ನಿಂತವನು. ಅತಿ ಶಾಖದಲ್ಲಿ ಕರಿಯುವಾಗ ಏಳುವ ಹೊಗೆಯನ್ನು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 2010ರಲ್ಲಿ ಪ್ರಕಟಿಸಿದ ಸಂಪುಟದಲ್ಲಿ ‘ಬಹುಶಃ ಕ್ಯಾನ್ಸರ್‌ಕಾರಕ’ ವರ್ಗಕ್ಕೆ ಸೇರಿಸಿದೆ. ನುರಿತ ಭಟ್ಟರು ಸಿಗುವುದೇ ದುರ್ಲಭವೆಂದು ಗೊಣಗುವ ಮಾಲೀಕರು ಇದನ್ನೂ ಯೋಚಿಸಬೇಕು.

ತಾಂತ್ರಿಕ ವಿಚಾರ ಎಂಜಿನಿಯರರದ್ದಾದರೂ ಲೆಕ್ಕ ಸರಳವಾದುದು. ಹುಡ್ಡು ಒಲೆಯ ಅಂಚಿನಿಂದ ಸುತ್ತಲೂ ಅರ್ಧ ಅಡಿ ಹೊರಚಾಚಿರಬೇಕು. 6 ಅಡಿ ಉದ್ದ, 4 ಅಡಿ ಅಗಲದ ಹುಡ್ಡಿಗೆ, ಚದರಡಿಗೆ ನಿಮಿಷಕ್ಕೆ 100 ಘನ ಅಡಿ ಗಾಳಿ ಎಂಬ ಸ್ಥೂಲ ಅಳತೆಯಂತೆ, 2,400 ಘನ ಅಡಿ ಬೇಕು. ಕೊಳವೆಯಲ್ಲಿ ಗಾಳಿ ನಿಮಿಷಕ್ಕೆ 1,500 ಅಡಿ ವೇಗದಲ್ಲಿ ಸಾಗಬೇಕಾದರೆ ಕೊಳವೆಯ ವ್ಯಾಸ ಸುಮಾರು 17 ಅಂಗುಲವಾಗುತ್ತದೆ. ತಗಡು ಉಳಿಸಲು 12 ಅಂಗುಲಕ್ಕೆ ಇಳಿಸಿದರೆ ವೇಗ ಇಮ್ಮಡಿಯಾಗಿ, ಘರ್ಷಣೆ ನಾಲ್ಕು ಪಟ್ಟಿಗೂ ಹೆಚ್ಚಾಗುತ್ತದೆ. ಉಳಿಸಿದ ತಗಡಿನ ಹಣ ಬೆಸ್ಕಾಂ ಬಿಲ್ಲಿಗೆ ಹೋಗುತ್ತದೆ. ಹೊರಹೋದಷ್ಟು ಗಾಳಿ ಒಳಬರಲು ದಾರಿಯಿಲ್ಲದಿದ್ದರೆ ಎಂಥ ಫ್ಯಾನೂ ನಿಷ್ಪ್ರಯೋಜಕ. ಆ ದಾರಿ ಶೌಚಾಲಯದ ಕಡೆಯಿಂದ ಇರಕೂಡದು: ಅಶುದ್ಧ ಸ್ಥಳದಿಂದ ಶುದ್ಧ ಸ್ಥಳಕ್ಕೆ ಗಾಳಿ ಹರಿಯಬಾರದೆಂದು 2011ರ ಆಹಾರ ಸುರಕ್ಷತಾ ಪರವಾನಗಿ ನಿಯಮಾವಳಿಯ 4ನೇ ಅನುಸೂಚಿಯೇ ಹೇಳುತ್ತದೆ. ಜಿಡ್ಡು ತೆಗೆಯಲು ಕೊಳವೆಯಲ್ಲಿ ಬಾಗಿಲುಗಳಿರಲಿ; ಕೊಳವೆಯೊಳಗೆ ಹೆಪ್ಪುಗಟ್ಟಿದ ಜಿಡ್ಡು ಬೆಂಕಿಗೆ ಸಿದ್ಧ ಇಂಧನ.

ಇನ್ನು ತೆರಿಗೆ. ವ್ಯವಸ್ಥೆಯ ಬೆಲೆ 2 ಲಕ್ಷ, ಜಿಎಸ್‌ಟಿ ಶೇ 18ರಂತೆ 36,000 ರೂಪಾಯಿ ಎಂದಿಟ್ಟುಕೊಳ್ಳೋಣ. ಶೇ 5ರ ದರದಲ್ಲಿ ತೆರಿಗೆ ಕಟ್ಟುವ ಸಾಮಾನ್ಯ ಹೋಟೆಲಿಗೆ ಹೂಡುವಳಿ ತೆರಿಗೆ ಜಮೆ ಇಲ್ಲ. ರಾಜಿ ಪದ್ಧತಿಯವರಿಗೂ ಇಲ್ಲ. ಅವರಿಗೆ ನಿಜವಾದ ಬೆಲೆ 2,36,000. ಶೇ 15ರ ಸವಕಳಿಯೂ ಅದರ ಮೇಲೆಯೇ. ಕೊಟೇಶನ್ನುಗಳನ್ನು ತೆರಿಗೆ ಸೇರಿಸಿಯೇ ಹೋಲಿಸಬೇಕು. ಕ್ರಮಬದ್ಧ ನೋಂದಣಿಯುಳ್ಳ ಮಿಕ್ಸ್‌ಚರ್, ಕೋಡುಬಳೆ ತಯಾರಕರಿಗೆ 36,000 ಜಮೆ ದೊರೆಯುತ್ತದೆ, ಆದರೆ ಆ ಮೊತ್ತದ ಮೇಲೆ ಸವಕಳಿ ಪಡೆದರೆ ಜಮೆ ಕೈತಪ್ಪುತ್ತದೆ. 2025ರ ಸೆಪ್ಟೆಂಬರ್ 22ರಿಂದ ಕುರುಕಲು ತಿಂಡಿಗಳ ದರ ಶೇ 5ಕ್ಕೆ ಇಳಿದಿರುವುದರಿಂದ ಈ ಜಮೆ ಕರಗಲು ಕಾಲ ಹಿಡಿಯಬಹುದು. ಬಂಡವಾಳ ಸರಕಿನ ಜಮೆಗೆ ವಿಲೋಮ ದರದ ಮರುಪಾವತಿಯೂ ಇಲ್ಲ. ಇಟ್ಟಿಗೆಯ ಹೊಗೆಗೂಡು ಕಟ್ಟಿಸಿದರೆ ಅದು ಸಿವಿಲ್ ಕಾಮಗಾರಿ, ಜಮೆ ಸಿಗದು. ಯಂತ್ರದ ಬಿಲ್ಲನ್ನೂ ಗಾರೆ ಕೆಲಸದ ಬಿಲ್ಲನ್ನೂ ಬೇರೆ ಬೇರೆಯಾಗಿಯೇ ಪಡೆಯಿರಿ. ಒಬ್ಬರಿಗೆ ಒಂದೇ ದಿನ 10,000 ರೂಪಾಯಿಗೆ ಮೀರಿ ನಗದು ಕೊಟ್ಟರೆ ಆ ಮೊತ್ತ ಆಸ್ತಿಯ ವೆಚ್ಚಕ್ಕೆ ಸೇರುವುದಿಲ್ಲ. ಫ್ಯಾಬ್ರಿಕೇಟರು ನಗದು ಕೇಳಿದರೆ ಕೊಡಬೇಡಿ.

ನಮ್ಮ ಪೇಟೆಗಳಲ್ಲಿ ಬಹಳ ಮಂದಿ ಬಾಡಿಗೆ ಮಳಿಗೆಯವರು. ಕೊಳವೆ ಮಾಳಿಗೆಯ ಮೇಲಕ್ಕೆ ಹೋಗಲು ಅನುಮತಿ, ಬಿಟ್ಟುಹೋಗುವಾಗ ಹುಡ್ಡು, ಮೋಟಾರು ಬಾಡಿಗೆದಾರನದೇ ಎಂಬ ಷರತ್ತು, ಇವೆರಡೂ ಕರಾರುಪತ್ರದಲ್ಲಿರಲಿ. ಮುಂಗಡ ಕೊಟ್ಟ ಮೇಲೆ ಮಾಲೀಕರು ಒಪ್ಪುತ್ತಾರೆಂಬ ಭರವಸೆ ಬೇಡ. ವ್ಯವಸ್ಥೆಯ ಅಂದಾಜು ಪಟ್ಟಿಯನ್ನು ಸಾಲದ ಅರ್ಜಿಗೇ ಲಗತ್ತಿಸಿದರೆ ಅದು ಅವಧಿ ಸಾಲದೊಳಗೆ ಬರುತ್ತದೆ. ಆಮೇಲಾದರೆ ದುಡಿಯುವ ಬಂಡವಾಳದಿಂದಲೇ ತೆಗೆಯಬೇಕಾಗುತ್ತದೆ.