ವಾಲದ ಕಾರು ಜಾರುವುದಿಲ್ಲವೆ?

ಪುತ್ತೂರಿನಿಂದ ಕುಂಬ್ರ, ಜಾಲ್ಸೂರುಗಳ ಮೇಲೆ ಸುಳ್ಯಕ್ಕೆ, ಅಲ್ಲಿಂದ ಅರಂತೋಡನ್ನು ದಾಟಿ ಸಂಪಾಜೆಗೆ, ಇತ್ತ ಉಪ್ಪಿನಂಗಡಿಯಿಂದ ಕಡಬದ ಮಾರ್ಗವಾಗಿ ಸುಬ್ರಹ್ಮಣ್ಯಕ್ಕೆ ಹೋಗುವ ಹಾದಿಗಳಲ್ಲಿ ನೆಟ್ಟನೆಯ ರಸ್ತೆಗಿಂತ ತಿರುವುಗಳೇ ಹೆಚ್ಚು. ಇಂತಹ ನಾಡಿನ ತರುಣರಿಗೆ ಚುರುಕಾದ ಸಣ್ಣ ಕಾರುಗಳ ಮೇಲೆ ಒಲವಿರುವುದು ಸಹಜವೇ ಆಗಿದೆ. ಗಿಡ್ಡ ಹಿಂಭಾಗವೂ ಹಿಂದೆ ಮೇಲಕ್ಕೆ ತೆರೆಯುವ ಬಾಗಿಲೂ ಉಳ್ಳ ಸಾಧಾರಣ ಕಾರಿಗೆ ಬಲವಾದ ಎಂಜಿನ್ನನ್ನು ಕೂಡಿಸಿದರೆ ಅದನ್ನು ‘ಹಾಟ್ ಹ್ಯಾಚ್’ ಎಂದು ಕರೆಯುವುದು ವಾಡಿಕೆ. 1976ರಲ್ಲಿ ಮಾರಾಟಕ್ಕೆ ಬಂದ ಫೋಕ್ಸ್‌ವ್ಯಾಗನ್ ಗಾಲ್ಫ್ ಜಿಟಿಐ ಈ ಜಾತಿಗೆ ಹೆಸರು ತಂದಿತು. ನಮ್ಮ ದೇಶದಲ್ಲಿ 2016ರ ಪೋಲೋ ಜಿಟಿಐ, 2021ರ ಹ್ಯುಂಡೈ ಐ20 ಎನ್ ಲೈನ್, 2024ರ ಟಾಟಾ ಆಲ್ಟ್ರೋಜ್ ರೇಸರ್ ಇದೇ ಆಸೆಯನ್ನು ಹೆಚ್ಚುಕಡಮೆ ಪೂರೈಸಲು ಬಂದವು.

ಇಂತಹ ಕಾರನ್ನು ಕೊಂಡವರ ಕಿವಿಗೆ ಬೇಗನೆ ಬೀಳುವ ಸಲಹೆಯೊಂದುಂಟು: “ಮುಂಭಾಗದ ಆಂಟಿ-ರೋಲ್ ಬಾರನ್ನು ದಪ್ಪನೆಯದಕ್ಕೆ ಬದಲಾಯಿಸಿ, ಕಾರು ತಿರುವಿನಲ್ಲಿ ವಾಲುವುದಿಲ್ಲ, ರಸ್ತೆಯನ್ನು ಕಚ್ಚಿ ಹಿಡಿಯುತ್ತದೆ.” ಈ ಮಾತಿನ ಮೊದಲರ್ಧ ನಿಜ; ಎರಡನೆಯ ಅರ್ಧ ಮೊದಲಿನದರಿಂದ ಹುಟ್ಟುವುದಿಲ್ಲ. ನಮ್ಮ ಘಟ್ಟದ ಬುಡದ ರಸ್ತೆಗಳಿಗೆ ಈ ಬದಲಾವಣೆ ಬಹುಮಟ್ಟಿಗೆ ಅನಾವಶ್ಯಕವೆಂದೂ ಮಳೆಗಾಲದಲ್ಲಿ ಅಪಾಯಕ್ಕೆ ದಾರಿಯಾಗಬಹುದೆಂದೂ ನಾವು ಅಭಿಪ್ರಾಯಪಡುತ್ತೇವೆ. ಅದಕ್ಕೆ ಕಾರಣಗಳನ್ನು ಮುಂದೆ ವಿವರಿಸುತ್ತೇವೆ.

ಗ್ಯಾರೇಜಿನಲ್ಲಿ ‘ಸ್ಟೆಬಿಲೈಸರ್ ಬಾರ್’ ಎಂದೂ ಕರೆಯಲ್ಪಡುವ ಈ ಸಾಧನವು ಒಂದು ಉಕ್ಕಿನ ಸರಳು. ಕೆನಡಾದ ಸ್ಟೀಫನ್ ಕೋಲ್ಮನ್ ಎಂಬಾತನು 1919ರಲ್ಲಿಯೇ ಇಂತಹುದೊಂದಕ್ಕೆ ಪೇಟೆಂಟ್ ಪಡೆದಿದ್ದನು. ಸರಳಿನ ನಡುಭಾಗ ಕಾರಿನ ಅಡಿಯಲ್ಲಿ ರಬ್ಬರ್ ಬುಷ್‌ಗಳೊಳಗೆ ಅಡ್ಡಲಾಗಿ ಮಲಗಿರುತ್ತದೆ. ಬಾಗಿದ ಎರಡು ತೋಳುಗಳು ಎಡಬಲದ ಚಕ್ರಗಳ ಕಡೆಗೆ ಚಾಚಿರುತ್ತವೆ. ಇದರ ಗುಣವನ್ನು ಮನೆಯಲ್ಲಿಯೇ ಕಾಣಬಹುದು. ಸೈಕಲ್ ಚಕ್ರದ ಹಳೆಯ ಕಡ್ಡಿಯೊಂದರ ಎರಡು ತುದಿಗಳನ್ನೂ ಒಂದೇ ಕಡೆಗೆ ಬಗ್ಗಿಸಿ, ನಡುಭಾಗವನ್ನು ಸಡಿಲವಾಗಿ ಹಿಡಿಯಿರಿ. ಎರಡು ತೋಳುಗಳನ್ನೂ ಒಟ್ಟಿಗೆ ಎತ್ತಿದರೆ ಕಡ್ಡಿ ಸುಮ್ಮನೆ ಉರುಳುತ್ತದೆ. ಒಂದನ್ನು ಎತ್ತಿ ಇನ್ನೊಂದನ್ನು ಇಳಿಸಿದರೆ ಕಡ್ಡಿ ತಿರುಚಿಕೊಂಡು ನಿಮ್ಮ ಕೈಯನ್ನು ಎದುರಿಸುತ್ತದೆ. ಕಾರು ತಿರುವಿನಲ್ಲಿ ಒಂದು ಪಕ್ಕಕ್ಕೆ ವಾಲಿದಾಗ ನಡೆಯುವುದೂ ಇದೇ. ಸರಳಿನ ಬಿರುಸು ಅದರ ವ್ಯಾಸದ ನಾಲ್ಕನೆಯ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಆದುದರಿಂದ 22 ಮಿಲಿಮೀಟರಿನ ಸರಳಿಗೆ ಬದಲಾಗಿ 24 ಮಿಲಿಮೀಟರಿನದನ್ನು ಹಾಕಿದರೆ, ಕಣ್ಣಿಗೆ ಕಾಣುವ ವ್ಯತ್ಯಾಸ ಅತ್ಯಲ್ಪವಾದರೂ, ಬಿರುಸು ಶೇಕಡಾ 42ರಷ್ಟು ಹೆಚ್ಚುತ್ತದೆ.

ಇನ್ನು ಮುಖ್ಯವಾದ ವಿಷಯಕ್ಕೆ ಬರೋಣ. ಚಾಲಕನೂ ಸೇರಿ 1200 ಕಿಲೋಗ್ರಾಂ ತೂಗುವ ಕಾರೊಂದನ್ನು ಊಹಿಸಿಕೊಳ್ಳಿ. ಅದರ ಗುರುತ್ವಕೇಂದ್ರ ನೆಲದಿಂದ 50 ಸೆಂಟಿಮೀಟರ್ ಎತ್ತರದಲ್ಲಿದೆ. ಎಡಬಲ ಚಕ್ರಗಳ ನಡುವಣ ಅಂತರ 150 ಸೆಂಟಿಮೀಟರ್. ತಿರುವಿನಲ್ಲಿ ಪಾರ್ಶ್ವ ವೇಗೋತ್ಕರ್ಷವು ಗುರುತ್ವದ ವೇಗೋತ್ಕರ್ಷದ ಹತ್ತರಲ್ಲಿ ಆರು ಪಾಲಿದ್ದರೆ, ಒಳಗಿನ ಚಕ್ರಗಳಿಂದ ಹೊರಗಿನ ಚಕ್ರಗಳಿಗೆ ವರ್ಗವಾಗುವ ಭಾರ 1200ನ್ನು 0.6ರಿಂದಲೂ 50ರಿಂದಲೂ ಗುಣಿಸಿ 150ರಿಂದ ಭಾಗಿಸಿದಷ್ಟು, ಅಂದರೆ 240 ಕಿಲೋಗ್ರಾಂ. ಈ ಲೆಕ್ಕದಲ್ಲಿ ಸರಳಿನ ದಪ್ಪಕ್ಕೆ ಸ್ಥಾನವೇ ಇಲ್ಲವೆಂಬುದನ್ನು ಗಮನಿಸಬೇಕು. ಕಾರು ವಾಲಲಿ, ವಾಲದಿರಲಿ, ಸುಮಾರು ಅಷ್ಟೇ ಭಾರ ಹೊರಚಕ್ರಗಳಿಗೆ ಹೋಗಿಯೇ ತೀರುತ್ತದೆ. ಆ 240ರಲ್ಲಿ ಮುಂದಿನ ಜೋಡಿಯ ಪಾಲೆಷ್ಟು, ಹಿಂದಿನ ಜೋಡಿಯ ಪಾಲೆಷ್ಟು ಎಂಬುದನ್ನು ಮಾತ್ರ ಸರಳು ನಿರ್ಧರಿಸುತ್ತದೆ. ಮುಂದಿನ ಸರಳು ದಪ್ಪವಾದಷ್ಟೂ ಮುಂದಿನ ಪಾಲು ಬೆಳೆಯುತ್ತದೆ.

ಪಾಲು ಬೆಳೆದರೆ ಕೆಡುಕೇನು? ಟಯರಿನ ಸ್ವಭಾವದಲ್ಲಿ ಇದಕ್ಕೆ ಉತ್ತರವಿದೆ. ಭಾರ ಹೆಚ್ಚಿದಂತೆ ಹಿಡಿತ ಹೆಚ್ಚುತ್ತದೆ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಉದಾಹರಣೆಗಾಗಿ, 200 ಕಿಲೋಗ್ರಾಂ ಹೊತ್ತ ಟಯರು 200ರಷ್ಟು ಹಿಡಿತವನ್ನೂ, 400 ಹೊತ್ತಾಗ 370ನ್ನೂ, 600 ಹೊತ್ತಾಗ 510ನ್ನೂ ಕೊಡುವುದೆಂದಿಟ್ಟುಕೊಳ್ಳೋಣ. ಎರಡು ಟಯರುಗಳು ಸಮನಾಗಿ 400, 400 ಹೊತ್ತರೆ ಒಟ್ಟು ಹಿಡಿತ 740. ಒಂದು 200, ಇನ್ನೊಂದು 600 ಹೊತ್ತರೆ ಹಿಡಿತ 710ಕ್ಕೆ ಇಳಿಯುತ್ತದೆ. ಹೀಗೆ ಮುಂದಿನ ಜೋಡಿಯ ಹಿಡಿತ ಕುಗ್ಗಿದಾಗ, ಸ್ಟಿಯರಿಂಗನ್ನು ತಿರುಗಿಸಿದಷ್ಟು ಕಾರು ತಿರುಗದೆ ತಿರುವಿನ ಹೊರ ಅಂಚಿನ ಕಡೆಗೆ ಸಾಗುತ್ತದೆ. ಅದೂ ಅಲ್ಲದೆ, ಈ ಕಾರುಗಳಲ್ಲಿ ಎಂಜಿನ್ನಿನ ಬಲವೆಲ್ಲ ಮುಂದಿನ ಚಕ್ರಗಳಿಗೇ ಹೋಗುತ್ತದೆ. ಭಾರ ಕಳೆದುಕೊಂಡ ಒಳಚಕ್ರವು ತಿರುವಿನಿಂದ ಹೊರಬರುವಾಗ ವ್ಯರ್ಥವಾಗಿ ಸುತ್ತತೊಡಗುತ್ತದೆ.

ನಮ್ಮ ರಸ್ತೆಗಳ ಸ್ಥಿತಿಯನ್ನೂ ಇದಕ್ಕೆ ಸೇರಿಸಿ ನೋಡಬೇಕು. ಒಳದಾರಿಗಳಲ್ಲಿ ಡಾಮರಿನ ಅಂಚು ಒಡೆದಿರುವುದೂ ಒಂದೇ ಪಕ್ಕಕ್ಕೆ ಗುಂಡಿ ಬಿದ್ದಿರುವುದೂ ಹೊಸತಲ್ಲ. ಎಡಚಕ್ರ ಗುಂಡಿಗೆ ಇಳಿದಾಗ ಸರಳು ತಿರುಚಿಕೊಂಡು ಆ ಕುಲುಕನ್ನು ಬಲಚಕ್ರಕ್ಕೂ ಮುಟ್ಟಿಸುತ್ತದೆ. ಸರಳು ಬಿರುಸಾದಷ್ಟೂ ಚಕ್ರಗಳು ಒಂದನ್ನೊಂದು ಹೆಚ್ಚಾಗಿ ಅವಲಂಬಿಸಿ, ಟಯರು ನೆಲವನ್ನು ಬಿಡುವ ಸಂಭವ ಹೆಚ್ಚುತ್ತದೆ.

ಎದುರು ಪಕ್ಷದವರಲ್ಲಿಯೂ ಬಲವಾದ ವಾದವೊಂದಿದೆ; ಅದನ್ನು ಮರೆಮಾಚುವುದು ವಿಜ್ಞಾನಕ್ಕೆ ಒಪ್ಪದು. ಸಣ್ಣ ಕಾರುಗಳ ಮುಂದೆ ಸಾಮಾನ್ಯವಾಗಿ ಇರುವ ಮ್ಯಾಕ್‌ಫರ್ಸನ್ ಸ್ಟ್ರಟ್ ಎಂಬ ಜೋಡಣೆಯಲ್ಲಿ, ಕಾರು ವಾಲಿದಾಗ ಹೊರಗಿನ ಟಯರೂ ಅದರೊಡನೆ ಓರೆಯಾಗಿ ತನ್ನ ಹೊರ ಅಂಚಿನ ಮೇಲೆ ನಿಲ್ಲುತ್ತದೆ. ಬಿರುಸಾದ ಸರಳು ಈ ಓರೆಯನ್ನು ತಗ್ಗಿಸಿ, ಕಳೆದ ಹಿಡಿತವನ್ನು ಕೆಲಮಟ್ಟಿಗೆ ಮರಳಿ ತರಬಲ್ಲದು. ಕೊಯಮತ್ತೂರಿನ ಕಾರಿ ಪಥದಂತಹ ನುಣುಪಾದ ಒಣ ನೆಲದ ಮೇಲೆ, ಒಳ್ಳೆಯ ಟಯರುಗಳಿದ್ದು ಕಾರು ಬಹಳವಾಗಿ ವಾಲುವಾಗ ಈ ಲಾಭ ನಷ್ಟವನ್ನು ಮೀರಲೂಬಹುದು. ಆದರೆ ದಕ್ಷಿಣ ಕನ್ನಡದಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೇಲೆ ಮಳೆ ಸುರಿಯುತ್ತದೆ. ನೆನೆದ ರಸ್ತೆಯಲ್ಲಿ ಘರ್ಷಣೆ ಕಡಮೆ. 30 ಮೀಟರ್ ತ್ರಿಜ್ಯದ ತಿರುವಿನಲ್ಲಿ ಘರ್ಷಣಾಂಕ 0.8 ಇದ್ದರೆ ಗಂಟೆಗೆ ಸುಮಾರು 55 ಕಿಲೋಮೀಟರಿಗೆ ಜಾರಬೇಕಾದ ಕಾರು, ಅದು 0.4ಕ್ಕೆ ಇಳಿದಾಗ 39 ಕಿಲೋಮೀಟರಿಗೇ ಜಾರುತ್ತದೆ. ಅಷ್ಟು ಮೆಲ್ಲಗೆ ಹೋಗುವ ಕಾರು ಹೆಚ್ಚಾಗಿ ವಾಲುವುದೂ ಇಲ್ಲ. ವಾಲುವಿಕೆಯೇ ಅಲ್ಪವಾದಾಗ ಅದನ್ನು ತಡೆದು ಗಳಿಸುವುದು ಏನು? ಗಳಿಕೆ ಸೊನ್ನೆಯ ಹತ್ತಿರಕ್ಕೆ ಬಂದರೂ ಗುಂಡಿಗಳು ಮಾತ್ರ ಉಳಿದೇ ಇರುತ್ತವೆ.

ಇನ್ನೊಂದು ಅಪಾಯ ಮನಸ್ಸಿಗೆ ಸಂಬಂಧಿಸಿದ್ದು. ವಾಲುವಿಕೆಯು ಚಾಲಕನಿಗೆ ಕಾರು ಕೊಡುವ ಎಚ್ಚರಿಕೆ. ಅದು ಇಲ್ಲವಾದಾಗ ವೇಗ ಹಗುರವೆನಿಸುತ್ತದೆ. ಸಂಪಾಜೆ ಘಟ್ಟದ ತಿರುವಿನಲ್ಲಿ ಎದುರಿಗೆ ಬಸ್ಸು ಕಂಡಾಗಲೇ ಮುಂದಿನ ಟಯರುಗಳ ನಿಜಸ್ಥಿತಿ ತಿಳಿದುಬರುತ್ತದೆ.

ಹಾಗಾದರೆ ಮಾಡತಕ್ಕದ್ದೇನು? ಮೊದಲು ಟಯರುಗಳನ್ನೂ ಅವುಗಳ ಗಾಳಿಯ ಒತ್ತಡವನ್ನೂ ನೋಡಬೇಕು. ಬಳಿಕ ಸವೆದ ಶಾಕ್ ಅಬ್ಸಾರ್ಬರುಗಳು, ಸರಳಿನ ಬುಷ್‌ಗಳು, ಲಿಂಕ್ ರಾಡುಗಳು. ಇವು ಸಡಿಲಾಗಿದ್ದರೆ ಕಾರು ಅಳ್ಳಾಡುವುದು ಸರಳಿನ ದೋಷದಿಂದಲ್ಲ. ಹಿಂದಿನ ಸರಳನ್ನು ಬಲಪಡಿಸಿದರೆ ಮುಂದಿನ ಪಾಲು ತಗ್ಗುವುದು ನಿಜವಾದರೂ, ಅತಿಯಾದರೆ ಒದ್ದೆ ನೆಲದಲ್ಲಿ ಕಾರಿನ ಹಿಂಭಾಗವೇ ಹೊರಕ್ಕೆ ಜಾರೀತು. ಇಂತಹ ಬದಲಾವಣೆಗೆ ಮುನ್ನ ವಿಮೆಯ ಕಂಪನಿಯನ್ನೂ ಸಾರಿಗೆ ಕಚೇರಿಯನ್ನೂ ವಿಚಾರಿಸುವುದು ಮೇಲು. 1988ರ ಮೋಟಾರು ವಾಹನ ಕಾಯಿದೆಯ 52ನೆಯ ಪ್ರಕರಣವು ವಾಹನವನ್ನು ಮನಬಂದಂತೆ ಮಾರ್ಪಡಿಸುವುದನ್ನು ನಿರ್ಬಂಧಿಸುತ್ತದೆ. 2019ರ ಜನವರಿಯಲ್ಲಿ ಸರ್ವೋಚ್ಚ ನ್ಯಾಯಾಲಯವೂ ಇದನ್ನು ಎತ್ತಿಹಿಡಿದಿದೆ.

ಕಣ್ಣಿಗೆ ಕಾಣುವ ವಾಲುವಿಕೆಯನ್ನು ಅಳೆಯುವುದು ಸುಲಭ. ಕಾಣದ ಹಿಡಿತವನ್ನು ಅರಿಯಲು ಲೆಕ್ಕ ಬೇಕು. ಪುತ್ತೂರು, ಸುಳ್ಯಗಳಲ್ಲಿ ಎಂಜಿನಿಯರಿಂಗ್ ಕಾಲೇಜುಗಳಿವೆ. ಅಲ್ಲಿನ ವಿದ್ಯಾರ್ಥಿಗಳು ಮೇಲಿನ ಲೆಕ್ಕವನ್ನು ತಮ್ಮ ಮನೆಯ ಕಾರಿನ ಅಳತೆಗಳಿಂದ ಮಾಡಿ ನೋಡಲಿ. ಹಾಗೆ ನೋಡಿದ ಮೇಲೆ, ದಪ್ಪ ಸರಳಿಗೆ ಮೀಸಲಿಟ್ಟ ಹಣ ನಾಲ್ಕು ಒಳ್ಳೆಯ ಟಯರುಗಳ ಕಡೆಗೆ ಹೋಗುವುದೆಂದು ನಾವು ನಂಬುತ್ತೇವೆ.