ಪರಂಪರೆಗೆ ಪರೀಕ್ಷೆಯಿಂದ ವಿನಾಯಿತಿ ಏಕೆ?

ಚೀನಾದ ಪಾರಂಪರಿಕ ಸಿದ್ಧೌಷಧಗಳ ಪೊಟ್ಟಣದೊಳಗೆ ಇಡುವ ಚೀಟಿಯಲ್ಲಿ ಬಹುಕಾಲ ಒಂದು ಸವಕಲು ಮಾತು ಅಚ್ಚಾಗುತ್ತ ಬಂತು. ಅಡ್ಡಪರಿಣಾಮವೇನು? ‘ಇನ್ನೂ ಸ್ಪಷ್ಟವಾಗಿಲ್ಲ’. ಯಾರು ಸೇವಿಸಬಾರದು? ‘ಇನ್ನೂ ಸ್ಪಷ್ಟವಾಗಿಲ್ಲ’. ಎರಡು ಸಾವಿರ ವರ್ಷಗಳ ಅನುಭವವೇ ತನ್ನ ಆಧಾರವೆಂದು ಹೇಳಿಕೊಳ್ಳುವ ಔಷಧವೊಂದು ತನ್ನಿಂದ ಯಾರಿಗೆ ಕೇಡಾದೀತು ಎಂಬ ಸರಳ ಪ್ರಶ್ನೆಗೆ ಉತ್ತರಿಸಲಾರದೆ ಹೋದದ್ದು ಅಲ್ಲಿನ ಸರ್ಕಾರಕ್ಕೂ ಕೊನೆಗೆ ಮುಜುಗರ ತಂದಿರಬೇಕು. 2023ರ ಜುಲೈ 1ರಂದು ಜಾರಿಗೆ ಬಂದ ನೋಂದಣಿ ನಿಯಮಗಳು ತಯಾರಕರಿಗೆ ಮೂರು ವರ್ಷಗಳ ಕಾಲಾವಕಾಶ ಕೊಟ್ಟವು. ಆ ಬಳಿಕವೂ ನಿಷೇಧ, ಎಚ್ಚರಿಕೆ, ಅಡ್ಡಪರಿಣಾಮ ಈ ಮೂರರಲ್ಲಿ ಯಾವುದಾದರೊಂದರ ಮುಂದೆ ‘ಸ್ಪಷ್ಟವಾಗಿಲ್ಲ’ ಎಂದೇ ಇದ್ದರೆ ಆ ಔಷಧಕ್ಕೆ ಮರುನೋಂದಣಿ ಇಲ್ಲವೆಂಬುದು ನಿಯಮದ ತಿರುಳು.

ಚೀನಾ ತನ್ನ ಪರಂಪರೆಯನ್ನು ಕೈಬಿಡುತ್ತಿದೆ ಎಂದು ಇದರ ಅರ್ಥವಲ್ಲ. ಪಾರಂಪರಿಕ ವೈದ್ಯವನ್ನು ಆ ದೇಶದಷ್ಟು ಪಟ್ಟುಹಿಡಿದು ಪೋಷಿಸಿದ ಪ್ರಭುತ್ವ ಇನ್ನೊಂದಿಲ್ಲ. ಆದರೆ ಈ ಪೋಷಣೆ ಎರಡು ಬಗೆಯದು. ಒಂದು, ಪರಂಪರೆಯನ್ನು ಪರೀಕ್ಷೆಗೆ ಒಡ್ಡಿ ಅದರಲ್ಲಿನ ಸತ್ವವನ್ನು ಹೊರತೆಗೆಯುವುದು. ಇನ್ನೊಂದು, ಗೌರವದ ಹೆಸರಿನಲ್ಲಿ ಅದಕ್ಕೆ ಪರೀಕ್ಷೆಯಿಂದಲೇ ವಿನಾಯಿತಿ ನೀಡುವುದು. ಚೀನಾ ಎರಡನ್ನೂ ಮಾಡಿದೆ. ನಾವು ಬಹುಮಟ್ಟಿಗೆ ಎರಡನೆಯದನ್ನು ಮಾತ್ರ ಮಾಡಿದ್ದೇವೆ ಎಂಬುದು ನನ್ನ ಆತಂಕ.

ಇತಿಹಾಸವನ್ನು ತುಸು ನೋಡಬೇಕು. 1929ರಲ್ಲಿ ಅಂದಿನ ರಾಷ್ಟ್ರೀಯವಾದಿ ಸರ್ಕಾರದ ಆರೋಗ್ಯ ಸಮಿತಿ ಹಳೆಯ ವೈದ್ಯವನ್ನು ರದ್ದುಗೊಳಿಸುವ ಪ್ರಸ್ತಾವವನ್ನು ಅಂಗೀಕರಿಸಿತ್ತು. ಆ ವರ್ಷದ ಮಾರ್ಚ್ 17ರಂದು ಶಾಂಘೈನಲ್ಲಿ ನೆರೆದ ನಾಡವೈದ್ಯರ ಪ್ರತಿಭಟನೆಯಿಂದಾಗಿ ಅದು ನಿಂತುಹೋಯಿತು. 1949ರಲ್ಲಿ ಅಧಿಕಾರಕ್ಕೆ ಬಂದ ಕಮ್ಯುನಿಸ್ಟರಿಗೂ ಹಳೆಯ ವೈದ್ಯದ ಮೇಲೆ ಮೊದಲಿಗೆ ಅಂಥ ಒಲವೇನೂ ಇರಲಿಲ್ಲ. ಆದರೆ ಐವತ್ತು ಕೋಟಿಗೂ ಮಿಕ್ಕಿದ ಜನರಿಗೆ ಆಧುನಿಕ ವೈದ್ಯರು ಬೆರಳೆಣಿಕೆಯಷ್ಟು, ನಾಡವೈದ್ಯರು ಊರೂರಿಗೆ. ಇದ್ದುದರಲ್ಲಿಯೇ ಸಂಸಾರ ತೂಗಿಸುವ ಲೆಕ್ಕಾಚಾರ ಅದು. 1956ರಲ್ಲಿ ಬೀಜಿಂಗ್, ಶಾಂಘೈ, ಗ್ವಾಂಗ್‌ಜೌ, ಚೆಂಗ್ಡುಗಳಲ್ಲಿ ಪಾರಂಪರಿಕ ವೈದ್ಯ ಕಾಲೇಜುಗಳು ಆರಂಭವಾದವು. 1958ರಲ್ಲಿ ಮಾವೊ ಈ ವೈದ್ಯವನ್ನು ಮಹಾನಿಧಿ ಎಂದು ಕೊಂಡಾಡಿದರು. ಅದೇ ಮಾವೊ ತಾವು ಮಾತ್ರ ಆ ಔಷಧ ಸೇವಿಸುವುದಿಲ್ಲ ಎಂದಿದ್ದರೆಂದು ಅವರ ಖಾಸಗಿ ವೈದ್ಯ ಲಿ ಝಿಸುಯಿ ನಂತರ ಬರೆದರು. ಊರಿಗೊಬ್ಬ ಗುರು, ಮನೆಗೊಂದು ಕ್ರಮ ಎಂಬಂತಿದ್ದ ಪದ್ಧತಿಗಳೆಲ್ಲ ಒಂದೇ ಶಾಸ್ತ್ರವಾಗಿ ರೂಪುಗೊಂಡದ್ದು ಬಹುಮಟ್ಟಿಗೆ ಆ ದಶಕದ ಪಠ್ಯಪುಸ್ತಕಗಳಲ್ಲಿ. ಸಮಿತಿಗಳಲ್ಲಿ ಕುಳಿತು ಆಯುಷ್ಯ ಸವೆಸಿದ ನನ್ನಂಥವರಿಗೆ ಸಮಿತಿಯೊಂದು ‘ಪ್ರಾಚೀನತೆ’ಯನ್ನು ಸಿದ್ಧಪಡಿಸಬಲ್ಲದು ಎಂಬುದು ಅಚ್ಚರಿಯಲ್ಲ. 1968ರ ನಂತರ ಹಳ್ಳಿಗಳಿಗೆ ಹೋದ ‘ಬರಿಗಾಲ ವೈದ್ಯ’ರ ಚೀಲದಲ್ಲಿ ಲಸಿಕೆ, ಮಾತ್ರೆಗಳ ಜೊತೆಗೆ ಗಿಡಮೂಲಿಕೆ ಮತ್ತು ಸೂಜಿಗಳೂ ಇದ್ದವು.

ಇದೇ ಕಾಲದಲ್ಲಿ ಪರೀಕ್ಷೆಯ ದಾರಿಯೂ ತೆರೆದುಕೊಂಡಿತು. ವಿಯೆಟ್ನಾಂ ಯುದ್ಧದಲ್ಲಿ ಸೈನಿಕರು ಗುಂಡಿಗಿಂತ ಮಲೇರಿಯಾಕ್ಕೆ ಹೆದರುವಂತಾಗಿತ್ತು. 1967ರ ಮೇ 23ರಂದು ಆರಂಭವಾದ್ದರಿಂದ ‘ಯೋಜನೆ 523’ ಎಂದು ಹೆಸರಾದ ರಹಸ್ಯ ಸಂಶೋಧನೆಗೆ ಮುಂದೆ ತು ಯೂಯೂ ಎಂಬ ವಿಜ್ಞಾನಿ ಸೇರಿದರು. ಡಾಕ್ಟರೇಟ್ ಇಲ್ಲ, ವೈದ್ಯ ಪದವಿಯಿಲ್ಲ, ವಿದೇಶದಲ್ಲಿ ಕಲಿತವರೂ ಅಲ್ಲ. ಅವರ ತಂಡ ಎರಡು ಸಾವಿರದಷ್ಟು ಹಳೆಯ ಯೋಗಗಳನ್ನು ಜಾಲಾಡಿ, ಸುಮಾರು 200 ಗಿಡಗಳಿಂದ 380 ಸಾರಗಳನ್ನು ತೆಗೆದು ಇಲಿಗಳ ಮೇಲೆ ಪರೀಕ್ಷಿಸಿತು. ಚಿಂಗ್‌ಹಾವ್ ಎಂಬ ಗಿಡ ಒಮ್ಮೆ ಫಲ ಕೊಟ್ಟು ಮತ್ತೊಮ್ಮೆ ಕೈಕೊಡುತ್ತಿತ್ತು. ನಾಲ್ಕನೆಯ ಶತಮಾನದ ಗೆ ಹೊಂಗ್ ಎಂಬ ವೈದ್ಯನ ಕೈಪಿಡಿಯನ್ನು ಮತ್ತೆ ಓದಿದಾಗ, ಆತ ಗಿಡವನ್ನು ಕುದಿಸಲು ಹೇಳಿಲ್ಲ, ನೀರಿನಲ್ಲಿ ನೆನೆಸಿ ಹಿಂಡಲು ಹೇಳಿದ್ದಾನೆ ಎಂಬುದು ತು ಅವರಿಗೆ ಹೊಳೆಯಿತು. ಕಾವು ಸತ್ವವನ್ನು ಕೊಲ್ಲುತ್ತಿರಬಹುದೇ? ಕಡಿಮೆ ಉಷ್ಣತೆಯಲ್ಲೇ ಕುದಿಯುವ ಈಥರ್ ಬಳಸಿ ಸಾರ ತೆಗೆದರು. 1971ರ ಅಕ್ಟೋಬರಿನಲ್ಲಿ 191ನೆಯ ಮಾದರಿ ಇಲಿಗಳಲ್ಲಿ ಮಲೇರಿಯಾ ಪರೋಪಜೀವಿಯನ್ನು ಪೂರ್ತಿಯಾಗಿ ಅಳಿಸಿತು. ಮರುವರ್ಷ ತು ಮತ್ತು ಸಹೋದ್ಯೋಗಿಗಳು ಮೊದಲು ತಾವೇ ಅದನ್ನು ಸೇವಿಸಿ ನೋಡಿ, ನಂತರ ರೋಗಿಗಳಿಗೆ ಕೊಟ್ಟರು. ಆರ್ಟೆಮಿಸಿನಿನ್ ಹುಟ್ಟಿದ್ದು ಹೀಗೆ.

2015ರಲ್ಲಿ ಇದಕ್ಕೆ ನೊಬೆಲ್ ಬಂದಾಗ ಚೀನಾದಲ್ಲಿ ಪರಂಪರೆಗೇ ಪ್ರಶಸ್ತಿ ಬಂತೆಂದು ಸಂಭ್ರಮಿಸಲಾಯಿತು. ಆದರೆ ತಾವು ಪುರಸ್ಕರಿಸಿದ್ದು ಪಾರಂಪರಿಕ ವೈದ್ಯವನ್ನಲ್ಲ, ಅದರಿಂದ ಪ್ರೇರಣೆ ಪಡೆದ ಔಷಧ ಸಂಶೋಧನೆಯನ್ನು ಎಂದು ಪ್ರಶಸ್ತಿ ಸಮಿತಿಯವರು ಅಂದೇ ಸ್ಪಷ್ಟಪಡಿಸಿದ್ದರು. ಎರಡು ವಾದದಲ್ಲೂ ಹುರುಳಿದೆ. ಗೆ ಹೊಂಗ್ ಇಲ್ಲದಿದ್ದರೆ ಆ ಸುಳಿವು ಸಿಗುತ್ತಿರಲಿಲ್ಲ. ಆದರೆ ಗೆ ಹೊಂಗನ ಮಾತೇ ಸಾಕೆಂದಿದ್ದರೆ ಲಕ್ಷಾಂತರ ಮಕ್ಕಳು ಬದುಕುತ್ತಿರಲಿಲ್ಲ. ಆ ಗಿಡದ ಕಷಾಯವನ್ನು ಮಲೇರಿಯಾಕ್ಕೆ ಬಳಸಬೇಡಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಇಂದಿಗೂ ಹೇಳುವುದು, ಅದರಲ್ಲಿ ಸತ್ವದ ಪ್ರಮಾಣ ಸಾಲದು ಮತ್ತು ಅರೆಬರೆ ಪ್ರಮಾಣ ಪರೋಪಜೀವಿಗೆ ನಿರೋಧ ಕಲಿಸುತ್ತದೆ ಎಂಬ ಕಾರಣಕ್ಕೆ.

ಇಂಥ ಕಥೆ ನಮ್ಮಲ್ಲೂ ಇದೆ, ನಾವು ಅದನ್ನು ಮರೆತಿದ್ದೇವೆ. ಸರ್ಪಗಂಧದ ಬೇರು ರಕ್ತದೊತ್ತಡವನ್ನು ಇಳಿಸುತ್ತದೆ ಎಂದು ಕಲ್ಕತ್ತದ ಗಣನಾಥ ಸೇನ್ ಮತ್ತು ಕಾರ್ತಿಕಚಂದ್ರ ಬೋಸ್ 1931ರಲ್ಲೇ ಪ್ರಕಟಿಸಿದ್ದರು. 1949ರಲ್ಲಿ ಮುಂಬಯಿಯ ರುಸ್ತುಂ ಜಾಲ್ ವಕೀಲ್ ಅದರ ಪ್ರಯೋಗದ ಫಲಿತಾಂಶವನ್ನು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಮುಂದಿಟ್ಟಾಗ ಜಗತ್ತು ಕಿವಿಗೊಟ್ಟಿತು. ಪರೀಕ್ಷೆ ಮುಂದುವರಿದಂತೆ ಗುಣದ ಜೊತೆಗೆ ದೋಷವೂ ತಿಳಿಯಿತು: ಅದೇ ಬೇರಿನ ರೆಸರ್ಪಿನ್‌ನಿಂದ ಕೆಲವರಿಗೆ ಖಿನ್ನತೆ ಕವಿಯಬಹುದೆಂಬ ಎಚ್ಚರಿಕೆ ಚೀಟಿಗೆ ಸೇರಿತು. ಪರೀಕ್ಷೆಯಿಂದ ಆಯುರ್ವೇದದ ಮಾನವೇನೂ ಹೋಗಲಿಲ್ಲ.

ಇನ್ನು ಎರಡನೆಯ ದಾರಿ. 2017ರ ಜುಲೈನಲ್ಲಿ ಜಾರಿಗೆ ಬಂದ ಚೀನಾದ ಪಾರಂಪರಿಕ ವೈದ್ಯ ಕಾನೂನು, ಪ್ರಾಚೀನ ಗ್ರಂಥಗಳ ಪ್ರಸಿದ್ಧ ಯೋಗಗಳನ್ನು ರೋಗಿಗಳ ಮೇಲಿನ ಪ್ರಯೋಗದಿಂದ ಮುಕ್ತಗೊಳಿಸಿತು. ಮರುವರ್ಷ ಅಂಥ ನೂರು ಯೋಗಗಳ ಪಟ್ಟಿ ಹೊರಬಂತು. ಇದರೊಂದಿಗೆ ಇನ್ನೊಂದು ಸಂಗತಿಯನ್ನು ಇಟ್ಟು ನೋಡಬೇಕು. ಅಲ್ಲಿನ ಸರ್ಕಾರಿ ಆಸ್ಪತ್ರೆಗಳು ತಾವು ಮಾರುವ ಔಷಧದ ಮೇಲೆ ಶೇ 15ರಷ್ಟು ಲಾಭ ಇಟ್ಟುಕೊಳ್ಳುತ್ತಿದ್ದವು. ವೈದ್ಯರು ಬೇಡದ ಔಷಧವನ್ನೂ ಬರೆಯಲು ಇದೇ ಕಾರಣವೆಂದು ಕಂಡುಕೊಂಡು 2017ರ ಹೊತ್ತಿಗೆ ಆ ಲಾಭವನ್ನು ರದ್ದುಪಡಿಸಲಾಯಿತು. ಕಷಾಯದ ಮೂಲಿಕೆಗಳಿಗೆ ಮಾತ್ರ ಅದನ್ನು ಹಾಗೆಯೇ ಉಳಿಸಲಾಯಿತು. ಹಣಕಾಸಿನ ಕಡತ ನೋಡಿದ ಯಾರಿಗೂ ಇದರ ಪರಿಣಾಮವನ್ನು ಬಿಡಿಸಿ ಹೇಳಬೇಕಾಗಿಲ್ಲ. ಪುರಾವೆ ಕೇಳದ ಬೇಡಿಕೆಯ ಭಾರ ದೂರದವರ ಮೇಲೂ ಬೀಳುತ್ತದೆ. ಕತ್ತೆಯ ಚರ್ಮದಿಂದ ತಯಾರಾಗುವ ‘ಎಜಿಯಾವ್’ ಎಂಬ ಚೀನೀ ಪುಷ್ಟಿಕಾರಕದ ವ್ಯಾಪಾರದಿಂದ ಬಡವರ ಸಾಗಣೆಯ ಪ್ರಾಣಿಯೇ ಇಲ್ಲವಾಗುತ್ತಿದೆ ಎಂದು ಕಂಗೆಟ್ಟ ಆಫ್ರಿಕನ್ ಒಕ್ಕೂಟ, 2024ರ ಫೆಬ್ರುವರಿಯಲ್ಲಿ ಚರ್ಮಕ್ಕಾಗಿ ಕತ್ತೆ ಕಡಿಯುವುದನ್ನು ನಿಷೇಧಿಸಬೇಕಾಯಿತು.

‘ಗಿಡಮೂಲಿಕೆ ತಾನೇ, ಗುಣವಾಗದಿದ್ದರೂ ಕೆಡುಕಿಲ್ಲ’ ಎಂಬ ಮಾತನ್ನು ವಿದ್ಯಾವಂತರ ಮನೆಗಳಲ್ಲಿಯೇ ಹೆಚ್ಚಾಗಿ ಕೇಳುತ್ತೇನೆ. ಹಿತ್ತಲ ಗಿಡ ಮದ್ದಲ್ಲ ಎಂಬ ಗಾದೆ ತಿರುಗುಮುರುಗಾಗಿ, ಹಿತ್ತಲ ಗಿಡವಾದರೆ ಸಾಕು ಮದ್ದೇ ಎಂಬಂತಾಗಿದೆ. 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನ ಬ್ರಸೆಲ್ಸ್‌ನಲ್ಲಿ ಮೈ ಇಳಿಸುವ ಚಿಕಿತ್ಸಾಲಯವೊಂದಕ್ಕೆ ಹೋದ ಮಹಿಳೆಯರ ಮೂತ್ರಪಿಂಡಗಳು ಒಂದರ ಹಿಂದೊಂದು ಕೈಕೊಟ್ಟವು. ಇಂಥ ಪ್ರಕರಣಗಳು ನೂರರ ಆಸುಪಾಸಿಗೆ ಮುಟ್ಟಿದವು. ಕಾರಣ ಹುಡುಕಿದಾಗ ಸಿಕ್ಕಿದ್ದು ಹೆಸರಿನ ಗೊಂದಲ. ಚೀನಾದಲ್ಲಿ ‘ಫಾಂಗ್‌ಜಿ’ ಎಂದು ಕರೆಸಿಕೊಳ್ಳುವ ಬೇರುಗಳಲ್ಲಿ ಒಂದರ ಬದಲು ಅರಿಸ್ಟೊಲೋಕಿಯಾ ಕುಲದ ಇನ್ನೊಂದು ಬೇರು ಪುಡಿಯಲ್ಲಿ ಸೇರಿತ್ತು. ಅದರ ಆಮ್ಲ ಮೂತ್ರಪಿಂಡವನ್ನು ಕೆಡಿಸುತ್ತದೆ, ವರ್ಷಗಳ ನಂತರ ಮೂತ್ರನಾಳದಲ್ಲಿ ಕ್ಯಾನ್ಸರನ್ನೂ ತರುತ್ತದೆ. ಈ ಕುಲದ ಗಿಡಗಳನ್ನು ಚೀನಾದಲ್ಲಿ ಶತಮಾನಗಳಿಂದ ಔಷಧವಾಗಿ ಬಳಸಿದ್ದಾರೆ. ಹತ್ತು ವರ್ಷದ ನಂತರ ಕಾಣಿಸಿಕೊಳ್ಳುವ ರೋಗವನ್ನು ಹತ್ತು ವರ್ಷದ ಹಿಂದೆ ಕುಡಿದ ಕಷಾಯಕ್ಕೆ ಗಂಟುಹಾಕುವುದು ಯಾವ ನಾಡವೈದ್ಯನ ನೆನಪಿಗೂ ಸಾಧ್ಯವಾಗುವ ಕೆಲಸವಲ್ಲ. ಅದೇ ಕುಲದ ನಮ್ಮ ಈಶ್ವರಿ ಬಳ್ಳಿಯನ್ನು ಹಾವು ಕಡಿತಕ್ಕೆ ಮದ್ದೆಂದು ನಂಬುವವರು ಕರ್ನಾಟಕದ ಹಳ್ಳಿಗಳಲ್ಲಿ ಇದ್ದಾರೆ.

ಹಾಗಾದರೆ ಜನ ಅಲ್ಲಿಗೇಕೆ ಹೋಗುತ್ತಾರೆ? ಅವರನ್ನು ಮೂಢರೆಂದು ತಳ್ಳಿಹಾಕುವುದು ಅನ್ಯಾಯ. 2007ರಲ್ಲಿ ಪ್ರಕಟವಾದ ಜರ್ಮನಿಯ ದೊಡ್ಡ ಪ್ರಯೋಗವೊಂದರಲ್ಲಿ ಬೆನ್ನುನೋವಿನ 1162 ರೋಗಿಗಳನ್ನು ಮೂರು ಗುಂಪು ಮಾಡಲಾಯಿತು. ಶಾಸ್ತ್ರೋಕ್ತ ಬಿಂದುಗಳಿಗೆ ಸೂಜಿ ಚುಚ್ಚಿಸಿಕೊಂಡವರಲ್ಲಿ ಆರು ತಿಂಗಳ ನಂತರ ಶೇ 47.6ರಷ್ಟು ಮಂದಿಗೆ ಗುಣ ಕಂಡಿತ್ತು. ಶಾಸ್ತ್ರಕ್ಕೆ ಸಂಬಂಧವಿಲ್ಲದ ಕಡೆ ಮೇಲುಮೇಲಕ್ಕೆ ಚುಚ್ಚಿಸಿಕೊಂಡವರಲ್ಲಿ ಶೇ 44.2. ಮಾತ್ರೆ, ವ್ಯಾಯಾಮದ ಸಾಮಾನ್ಯ ಚಿಕಿತ್ಸೆ ಪಡೆದವರಲ್ಲಿ ಶೇ 27.4 ಮಾತ್ರ. ‘ಚಿ’ ಎಂಬ ಪ್ರಾಣಶಕ್ತಿ ಹರಿಯುವ ನಾಡಿಗಳ ಸಿದ್ಧಾಂತಕ್ಕೆ ಇದರಲ್ಲಿ ಬೆಂಬಲವಿಲ್ಲ. ಆದರೆ ಆಧುನಿಕ ವೈದ್ಯದವರು ಬೀಗುವಂಥದ್ದೂ ಇಲ್ಲ. ರೋಗಿಯನ್ನು ಮಲಗಿಸಿ, ಮಾತನಾಡಿಸಿ, ಮೈಮುಟ್ಟಿ ಅರ್ಧ ಗಂಟೆ ಕಳೆಯುವುದಕ್ಕೇ ಒಂದು ಗುಣವಿರುವಂತೆ ಕಾಣುತ್ತದೆ. ಅನೇಕ ದೇಶಗಳನ್ನು ಹೋಲಿಸಿ 2017ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರ ಪ್ರಕಾರ ಭಾರತದಲ್ಲೂ ಚೀನಾದಲ್ಲೂ ವೈದ್ಯರು ಒಬ್ಬ ರೋಗಿಗೆ ಕೊಡುವ ಸಮಯ ಸುಮಾರು ಎರಡು ನಿಮಿಷ. ನನ್ನ ಮನೆಯಲ್ಲೂ ಮಂಡಿನೋವಿಗೆ ತೈಲದ ಶೀಸೆ ಇದೆ. ಅದನ್ನು ಕೊಟ್ಟ ಪಂಡಿತರು ಮೊದಲ ಭೇಟಿಯಲ್ಲಿ ಮುಕ್ಕಾಲು ಗಂಟೆ ಕೇಳಿಸಿಕೊಂಡರು.

ಅರ್ಥಶಾಸ್ತ್ರದ ವಿದ್ಯಾರ್ಥಿಯಾಗಿ ನನಗೆ ಇಲ್ಲಿ ಕಾಣುವುದು ಮಾಹಿತಿಯ ಅಸಮಾನತೆ. ರೋಗಿ ತಾನು ಕೊಳ್ಳುತ್ತಿರುವುದರ ಗುಣವನ್ನು ಅಳೆಯಲಾರ, ಆದ್ದರಿಂದ ಚಿಕಿತ್ಸೆ ಇತರ ಸರಕಿನಂತಲ್ಲ ಎಂದು ಕೆನೆತ್ ಆರೋ 1963ರಲ್ಲೇ ತೋರಿಸಿದ್ದರು. ಒಳ್ಳೆಯದನ್ನು ಕೆಟ್ಟದ್ದರಿಂದ ಬೇರ್ಪಡಿಸಲಾಗದ ಸಂತೆಯಲ್ಲಿ ಕೆಟ್ಟ ಸರಕೇ ಒಳ್ಳೆಯದನ್ನು ಓಡಿಸುತ್ತದೆ ಎಂಬುದು 1970ರಲ್ಲಿ ಜಾರ್ಜ್ ಅಕರ್ಲಾಫ್ ಹಳೆಯ ಕಾರುಗಳ ಉದಾಹರಣೆಯಿಂದ ಹೇಳಿದ ಮಾತು. ಪರೀಕ್ಷೆಯಿಂದ ವಿನಾಯಿತಿ ಕೊಟ್ಟಾಗ ಮೊದಲು ಸೋಲುವವನು ಶ್ರದ್ಧೆಯಿಂದ ಔಷಧ ತಯಾರಿಸುವ ವೈದ್ಯ.

ನಮ್ಮ ಕಾನೂನು ಈ ವಿಷಯದಲ್ಲಿ ಚೀನಾಕ್ಕಿಂತ ಮುಂದೆಯೇ ಇದೆ. 1964ರ ತಿದ್ದುಪಡಿಯಿಂದ ಆಯುರ್ವೇದ ಔಷಧಗಳು 1940ರ ಔಷಧ ಕಾಯ್ದೆಯೊಳಗೆ ಬಂದವು. ಕಾಯ್ದೆಯ ಅನುಸೂಚಿಯಲ್ಲಿರುವ ಗ್ರಂಥಗಳಲ್ಲಿ ಯೋಗದ ಉಲ್ಲೇಖವಿದ್ದು, ಅಲ್ಲಿ ಹೇಳಿದ ರೋಗಕ್ಕೇ ಕೊಡುವುದಾದರೆ, 2010ರ 158ಬಿ ನಿಯಮದಂತೆ ಸುರಕ್ಷತೆಯ ಅಧ್ಯಯನವೂ ಬೇಡ, ಪರಿಣಾಮದ ಅಧ್ಯಯನವೂ ಬೇಡ. ಸೇವೆಯಲ್ಲಿದ್ದಾಗ ಔಷಧ ಖರೀದಿಯ ಕಡತವೊಂದರಲ್ಲಿ ‘ಪರಿಣಾಮಕ್ಕೆ ಪುರಾವೆ’ ಎಂಬ ಅಂಕಣದ ಉದ್ದಕ್ಕೂ ಗ್ರಂಥಗಳ ಹೆಸರು, ಅಧ್ಯಾಯಗಳ ಸಂಖ್ಯೆ ಮಾತ್ರ ಇದ್ದದ್ದು ನನಗೆ ನೆನಪಿದೆ. ಯಾರೂ ತಪ್ಪು ಮಾಡಿರಲಿಲ್ಲ; ನಿಯಮ ಕೇಳುತ್ತಿದ್ದುದೇ ಅಷ್ಟು. ಅಮೆರಿಕದ ಬಾಸ್ಟನ್ ಸುತ್ತಮುತ್ತ ಮಾರಾಟಕ್ಕಿದ್ದ 70 ಆಯುರ್ವೇದ ಉತ್ಪನ್ನಗಳಲ್ಲಿ 14ರಲ್ಲಿ ಸೀಸ, ಪಾದರಸ ಅಥವಾ ಆರ್ಸೆನಿಕ್ ಇದ್ದುದನ್ನು 2004ರಲ್ಲಿ ಅಲ್ಲಿನ ವೈದ್ಯರು ವರದಿ ಮಾಡಿದಾಗ ನಮ್ಮಲ್ಲಿ ಅನೇಕರಿಗೆ ಅದು ವಿದೇಶಿ ಪಿತೂರಿಯಾಗಿ ಕಂಡಿತು. ಜಾಹೀರಾತಿಗೆ ಪೂರ್ವಾನುಮತಿ ಬೇಕೆಂದು 2018ರಲ್ಲಿ ತಂದ 170ನೆಯ ನಿಯಮವನ್ನು ಆಯುಷ್ ಸಚಿವಾಲಯ 2024ರ ಜುಲೈನಲ್ಲಿ ತಾನೇ ತೆಗೆದುಹಾಕಿತು. ಸುಪ್ರೀಂ ಕೋರ್ಟ್ ಮರುತಿಂಗಳು ಅದಕ್ಕೆ ತಡೆ ನೀಡಿತಾದರೂ 2025ರ ಆಗಸ್ಟ್‌ನಲ್ಲಿ ಪ್ರಕರಣವೇ ಮುಕ್ತಾಯವಾಯಿತು.

ವಿನಾಯಿತಿಯ ಪರವಾಗಿ ಒಂದು ಗಟ್ಟಿ ವಾದವಿದೆ, ಅದನ್ನು ಕಡೆಗಣಿಸಲಾಗದು. ಗ್ರಂಥದಲ್ಲಿರುವ ಯೋಗಕ್ಕೆ ಪೇಟೆಂಟ್ ಸಿಗದು. ಒಬ್ಬ ತಯಾರಕ ಕೋಟಿಗಟ್ಟಲೆ ಖರ್ಚು ಮಾಡಿ ಪರೀಕ್ಷಿಸಿದರೆ ಫಲವನ್ನು ಎಲ್ಲರೂ ಉಣ್ಣುತ್ತಾರೆ. ಹೀಗಿರುವಾಗ ಯಾರು ಪರೀಕ್ಷಿಸಿಯಾರು? ಸಮಸ್ಯೆ ನಿಜ, ಪರಿಹಾರ ಮಾತ್ರ ತಪ್ಪು. ಎಲ್ಲರಿಗೂ ಸೇರಿದ ಜ್ಞಾನದ ವೆಚ್ಚವನ್ನು ಎಲ್ಲರ ತೆರಿಗೆ ಭರಿಸಬೇಕು. ಯೋಜನೆ 523ಕ್ಕೆ ಹಣ ಕೊಟ್ಟದ್ದು ಯಾವ ಕಂಪನಿಯೂ ಅಲ್ಲ, ಸರ್ಕಾರ. 2022ರಲ್ಲಿ ಜಾಮ್‌ನಗರದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಪಾರಂಪರಿಕ ವೈದ್ಯ ಕೇಂದ್ರಕ್ಕೆಂದು 25 ಕೋಟಿ ಡಾಲರ್ ನೆರವು ಘೋಷಿಸಬಲ್ಲ ನಮ್ಮ ಸರ್ಕಾರಕ್ಕೆ, ಅತಿ ಹೆಚ್ಚು ಮಾರಾಟವಾಗುವ ಒಂದೈವತ್ತು ಯೋಗಗಳನ್ನು ಕ್ರಮವಾಗಿ ಪರೀಕ್ಷೆಗೆ ಒಡ್ಡುವುದು ಭಾರವಾಗದು. ಫಲಿತಾಂಶ ಪ್ರತಿಕೂಲವಾದರೂ ಪ್ರಕಟಿಸುವ ಕರಾರು ಮೊದಲೇ ಇರಬೇಕು.

ಅಲ್ಲಿಯವರೆಗೆ ರಾಜ್ಯಗಳು ಕೈಕಟ್ಟಿ ಕೂರಬೇಕಿಲ್ಲ. ಆಯುರ್ವೇದ ಔಷಧ ತಯಾರಿಕೆಗೆ ಪರವಾನಗಿ ಕೊಡುವುದು ರಾಜ್ಯದ ಪ್ರಾಧಿಕಾರ. ಸರ್ಕಾರಿ ಆಯುಷ್ ಆಸ್ಪತ್ರೆಗಳಿಗೆ ಔಷಧ ಕೊಳ್ಳುವುದೂ ರಾಜ್ಯವೇ. ಯಾರು ಸೇವಿಸಬಾರದು, ಯಾವ ಔಷಧದೊಂದಿಗೆ ಕೂಡದು, ಯಾವ ಅಡ್ಡಪರಿಣಾಮ ವರದಿಯಾಗಿದೆ ಎಂಬ ಮೂರು ವಿವರಗಳನ್ನು ಕನ್ನಡದಲ್ಲಿ ಅಚ್ಚುಹಾಕದ ಪೊಟ್ಟಣವನ್ನು ಖರೀದಿಸುವುದಿಲ್ಲವೆಂದು ಟೆಂಡರಿನ ಷರತ್ತುಗಳಲ್ಲಿ ಒಂದು ಸಾಲು ಸೇರಿಸಲು ಹೊಸ ಕಾಯ್ದೆ ಬೇಕಿಲ್ಲ. ಮುಂದಿನ ಸಾಲಿನ ಟೆಂಡರಿನಿಂದಲೇ ಅದನ್ನು ಆರಂಭಿಸಬಹುದು.