ಸೊಂಟದ ಪಿಸ್ತೂಲು, ತೋಟದ ಕೋವಿ

ಕರಾವಳಿಯಲ್ಲಿ ಹತ್ಯೆಯೊಂದು ನಡೆದಾಗಲೆಲ್ಲ, ಆತ್ಮರಕ್ಷಣೆಗೆ ಪಿಸ್ತೂಲು ಬೇಕು, ಅದಕ್ಕೆ ಲೈಸನ್ಸ್ ಕೊಡಬೇಕು ಎಂಬ ಮಾತು ಕೇಳಿಬರುತ್ತದೆ. 2017ರ ಜುಲೈನಲ್ಲಿ ಬಂಟ್ವಾಳದ ಬಿ.ಸಿ. ರೋಡಿನಲ್ಲಿ, 2025ರ ಮೇ ತಿಂಗಳಲ್ಲಿ ಅದೇ ತಾಲೂಕಿನ ಕೊಳತ್ತಮಜಲಿನಲ್ಲಿ ರಕ್ತ ಹರಿದುದನ್ನು ಕಂಡ ಜನರಲ್ಲಿ ಭಯ ಹುಟ್ಟಿದ್ದರೆ ಅದು ಅಸಹಜವೇನಲ್ಲ. ಇನ್ನೊಂದೆಡೆ, 2024ರ ಪ್ಯಾರಿಸ್ ಒಲಿಂಪಿಕ್ಸ್‌ನಲ್ಲಿ ಮನು ಭಾಕರ್ ಎರಡು ಕಂಚಿನ ಪದಕ ಗೆದ್ದ ಮೇಲೆ ಪಿಸ್ತೂಲು ಹಿಡಿದು ಗುರಿಯಿಡುವ ಆಸೆ ಸಣ್ಣ ಊರುಗಳ ಹುಡುಗ ಹುಡುಗಿಯರಲ್ಲೂ ಚಿಗುರಿದೆ. ಭಯ ಮತ್ತು ಆಸೆ ಎರಡೂ ಸೇರಿದಾಗ ಹುಟ್ಟುವ ಪ್ರಶ್ನೆ ಇದು: ಯಾರಿಗೂ ಕಾಣದಂತೆ ಸೊಂಟದಲ್ಲಿ ಒಯ್ಯಲೂ ಆಗುವ, ರಜಾದಿನದ ಗುರಿ ಸ್ಪರ್ಧೆಗೂ ಒದಗುವ ಒಂದೇ ಪಿಸ್ತೂಲು ಯಾವುದು?

ಈ ಪ್ರಶ್ನೆಯ ಹುಟ್ಟೂರು ಅಮೆರಿಕ. ಅಲ್ಲಿ ಆಯುಧ ಹೊಂದುವುದು ಸಂವಿಧಾನ ಕೊಟ್ಟ ಹಕ್ಕು. ಮನೆಯ ಹೊರಗೂ ಅದನ್ನು ಒಯ್ಯುವ ಹಕ್ಕಿದೆ ಎಂದು ಅಲ್ಲಿನ ಸುಪ್ರೀಂ ಕೋರ್ಟು 2022ರಲ್ಲಿ ತೀರ್ಪಿತ್ತಿದೆ. ದಿನನಿತ್ಯ ಒಯ್ಯುವ ಪಿಸ್ತೂಲಿನಿಂದಲೇ ಸ್ಪರ್ಧಿಸುವುದಕ್ಕೆಂದು 1996ರಲ್ಲಿ ಅಲ್ಲಿ ಐಡಿಪಿಎ ಎಂಬ ಸಂಘವೇ ಹುಟ್ಟಿತು. ನಡುಗಾತ್ರದ 9 ಎಂಎಂ ಪಿಸ್ತೂಲೊಂದನ್ನು ಕೊಂಡರೆ ಎರಡೂ ಕೆಲಸಕ್ಕೆ ಸಾಕು ಎಂಬುದು ಅಲ್ಲಿನ ಸಾಮಾನ್ಯ ಉತ್ತರ. ಈ ಉತ್ತರ ನೇತ್ರಾವತಿಯ ದಡಕ್ಕೆ ಬಂದು ಮುಟ್ಟುವ ಹೊತ್ತಿಗೆ ಅದರಲ್ಲಿ ಏನೂ ಉಳಿಯುವುದಿಲ್ಲ. ಭಾರತದಲ್ಲಿ 9 ಎಂಎಂ ನಾಗರಿಕರಿಗೆ ನಿಷೇಧಿತ ಬೋರು. ಅಮೆರಿಕದಲ್ಲಿರುವಂಥ ಮೂಲಭೂತ ಹಕ್ಕು ನಮ್ಮ ಸಂವಿಧಾನದಲ್ಲಿಲ್ಲ ಎಂಬುದನ್ನು ನಮ್ಮ ಸುಪ್ರೀಂ ಕೋರ್ಟು 2023ರ ಫೆಬ್ರುವರಿಯಲ್ಲಿ ನೆನಪಿಸಿದೆ.

ನಮ್ಮ ಕಾಯ್ದೆಯು ಆಯುಧದ ಹೆಸರಿಗಿಂತ ಮೊದಲು ಅದರ ಉದ್ದೇಶವನ್ನು ಕೇಳುತ್ತದೆ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮಿನ ಮೂರನೇ ಉಪಕಲಮು ಈ ವಿಚಾರದ ತಿರುಳು. ರಕ್ಷಣೆಗೆ ಅಥವಾ ಕ್ರೀಡೆಗೆ ಕನಿಷ್ಠ 20 ಇಂಚು ಉದ್ದದ ನಳಿಗೆಯಿರುವ ಸಾಧಾರಣ ಕೋವಿ, ಬೆಳೆ ರಕ್ಷಣೆಗೆ ಬಾಯಿಂದ ಮದ್ದು ತುಂಬುವ ಕೋವಿ, ಮಾನ್ಯತೆ ಪಡೆದ ರೈಫಲ್ ಕ್ಲಬ್ಬಿನ ಸದಸ್ಯನಿಗೆ ಗುರಿ ಅಭ್ಯಾಸದ ಆಯುಧ, ಇವುಗಳಿಗೆ ಬೇರೆ ಅಡ್ಡಿಯಿಲ್ಲದಿದ್ದರೆ ಅಧಿಕಾರಿ ಲೈಸನ್ಸ್ ಕೊಡತಕ್ಕದ್ದು. ಉಳಿದೆಲ್ಲ ಸಂದರ್ಭಗಳಲ್ಲಿ ಅರ್ಜಿದಾರನಿಗೆ ಸಕಾರಣವಿದೆಯೆಂದು ಅಧಿಕಾರಿಗೆ ಮನವರಿಕೆಯಾಗಬೇಕು. ಆತ್ಮರಕ್ಷಣೆಯ ಪಿಸ್ತೂಲು ಬರುವುದು ಈ ಕೊನೆಯ ಗುಂಪಿನಲ್ಲಿ. ಅಂದರೆ ಅಡಿಕೆ ಕೃಷಿಕನ ಕೋವಿಗೂ ಕ್ಲಬ್ಬಿನ ಸದಸ್ಯನ ಆಯುಧಕ್ಕೂ ಕಾನೂನು ಬಾಗಿಲು ತೆರೆದಿಟ್ಟಿದೆ. ಸೊಂಟದ ಪಿಸ್ತೂಲಿಗೆ ಅದು ಕಿಟಕಿಯನ್ನಷ್ಟೇ ತೆರೆದಿದೆ. 2019ರ ತಿದ್ದುಪಡಿಯು ಒಬ್ಬ ವ್ಯಕ್ತಿ ಹೊಂದಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿ, ಲೈಸನ್ಸಿನ ಅವಧಿಯನ್ನು ಮೂರು ವರ್ಷದಿಂದ ಐದಕ್ಕೆ ಏರಿಸಿದೆ. ಮದುವೆ, ಮೆರವಣಿಗೆಗಳಲ್ಲಿ ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ ಎರಡು ವರ್ಷಗಳವರೆಗೆ ಸೆರೆವಾಸವನ್ನೋ ಒಂದು ಲಕ್ಷ ರೂಪಾಯಿಯವರೆಗಿನ ದಂಡವನ್ನೋ ಎರಡನ್ನೂ ಅನುಭವಿಸಬೇಕಾದೀತು.

ಮೊದಲು ಕ್ರೀಡೆಯನ್ನು ನೋಡೋಣ. ಮನು ಭಾಕರ್ ಪದಕ ಗೆದ್ದದ್ದು ಗಾಳಿಯ ಒತ್ತಡದಿಂದ ಸಿಡಿಯುವ 4.5 ಮಿಲಿಮೀಟರ್ ಗುಂಡಿನ ಏರ್ ಪಿಸ್ತೂಲಿನಿಂದ. ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದದ್ದೂ ಇದೇ 10 ಮೀಟರ್ ಏರ್ ಪಿಸ್ತೂಲು ಸ್ಪರ್ಧೆಯಲ್ಲಿ. ಇಲ್ಲಿ ಹತ್ತು ಅಂಕದ ವೃತ್ತದ ಅಡ್ಡಳತೆ 11.5 ಮಿಲಿಮೀಟರ್ ಮಾತ್ರ. ಅದನ್ನು ಮುಟ್ಟಲು ಕುದುರೆ ಹಗುರವಾಗಿರಬೇಕು, ಹಿಡಿ ಅಂಗೈಗೆ ಕಡೆದಂತಿರಬೇಕು, ಹಿಂದುಮುಂದಿನ ಗುರಿಕಣ್ಣುಗಳ ನಡುವೆ ಸಾಕಷ್ಟು ಅಂತರವಿರಬೇಕು. ನಿಯಮದ ಪ್ರಕಾರ ಏರ್ ಪಿಸ್ತೂಲಿನ ಕುದುರೆ ಕನಿಷ್ಠ 500 ಗ್ರಾಂ, 25 ಮೀಟರ್ ಸ್ಪರ್ಧೆಯ .22 ಪಿಸ್ತೂಲಿನದು ಕನಿಷ್ಠ ಒಂದು ಕಿಲೋ ಭಾರವನ್ನು ತಾಳಬೇಕು.

ಸೊಂಟದಲ್ಲಿ ಒಯ್ಯುವ ಆಯುಧದ ಗುಣ ಇದಕ್ಕೆ ತೀರ ವಿರುದ್ಧ. ಅದು ಸಣ್ಣದಾಗಿರಬೇಕು, ಬಟ್ಟೆಗೆ ಸಿಕ್ಕಿಕೊಳ್ಳಬಾರದು, ತಪ್ಪಿ ಬೆರಳು ತಾಗಿದರೆ ಹಾರಬಾರದು. ಆದ್ದರಿಂದಲೇ ಇಂಥ ರಿವಾಲ್ವರುಗಳ ಕುದುರೆಯನ್ನು ನೇರವಾಗಿ ಎಳೆಯಲು ಸಾಮಾನ್ಯವಾಗಿ ನಾಲ್ಕೈದು ಕಿಲೋ ಬಲ ಬೇಕಾಗುತ್ತದೆ. ಮಹಿಳೆಯರ ರಕ್ಷಣೆಗೆಂದು ಕಾನ್ಪುರದ ಸರ್ಕಾರಿ ಕಾರ್ಖಾನೆ 2014ರ ಜನವರಿಯಲ್ಲಿ ಹೊರತಂದ .32 ಬೋರಿನ 'ನಿರ್ಭೀಕ್' ರಿವಾಲ್ವರು ಅರ್ಧ ಕಿಲೋ ತೂಗುತ್ತಿತ್ತು. ಆಗಿನ ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಕೈಚೀಲಕ್ಕೆ ಹಗುರವಾದದ್ದು ಗುರಿಕಟ್ಟೆಯಲ್ಲಿ ಹೆಚ್ಚು ಒದೆಯುತ್ತದೆ, ಸಣ್ಣ ನಳಿಗೆ ಗುರಿಯ ಸಣ್ಣ ತಪ್ಪನ್ನೂ ದೊಡ್ಡದಾಗಿ ತೋರಿಸುತ್ತದೆ. ಸೆಂಟರ್ ಫೈರ್ ಪಿಸ್ತೂಲು ಸ್ಪರ್ಧೆಯಲ್ಲಿ .32 ಬೋರಿಗೆ ಸ್ಥಳವಿದೆಯೆಂಬುದು ನಿಜ. ಆದರೆ ಅಲ್ಲಿ ಬಳಕೆಯಾಗುವುದು ಗುರಿಗೆಂದೇ ತಯಾರಾದ ಪಿಸ್ತೂಲು. ಜೇಬಿನ ರಿವಾಲ್ವರು ಆ ಸಾಲಿನಲ್ಲಿ ನಿಲ್ಲಲಾರದು. ಮೇಲಾಗಿ ಗುರಿಗಾರಿಕೆ ಬರುವುದು ಸಾವಿರಾರು ಸುತ್ತುಗಳ ಅಭ್ಯಾಸದಿಂದ. ಆತ್ಮರಕ್ಷಣೆಯ ಲೈಸನ್ಸುದಾರನಿಗೆ ಸಿಗುವುದು ಪುಸ್ತಕದಲ್ಲಿ ನಮೂದಾದಷ್ಟೇ ತೋಟೆ.

ಹಾಗಿದ್ದರೆ ಕ್ರೀಡೆಯನ್ನು ಬಿಟ್ಟು ರಕ್ಷಣೆಗಾದರೂ ಅದು ಒದಗೀತೇ? ಬಂಟ್ವಾಳದ ಆ ಹತ್ಯೆಗಳ ಬಗೆಯನ್ನು ಗಮನಿಸಿದರೆ ಉತ್ತರ ಅಷ್ಟೇನೂ ಧೈರ್ಯ ಕೊಡುವಂಥದ್ದಲ್ಲ. ಹರಿತ ಆಯುಧ ಹಿಡಿದ ಗುಂಪು ಹಠಾತ್ತನೆ ಮೇಲೆರಗುತ್ತದೆ. ನಿಯಮದಂತೆ ಚರ್ಮದ ಚೀಲದಲ್ಲಿ ಪೂರ್ತಿ ಮುಚ್ಚಿಟ್ಟ ಪಿಸ್ತೂಲನ್ನು ಹೊರತೆಗೆದು, ಜನರ ನಡುವೆ ಗುರಿಯಿಟ್ಟು ಹಾರಿಸಲು ವರ್ಷಗಟ್ಟಲೆ ಅಭ್ಯಾಸ ಮಾಡಿದವನಿಗೂ ಆ ಕೆಲವು ಕ್ಷಣ ಸಾಲುವುದಿಲ್ಲ. ಗುಂಡು ಹಾರಿದರೂ ಅದು ಯಾರಿಗೆ ತಾಗೀತೆಂಬ ಭರವಸೆಯಿಲ್ಲ. 2021ರ ಅಕ್ಟೋಬರಿನಲ್ಲಿ ಮಂಗಳೂರಿನಲ್ಲಿ ನೌಕರರೊಂದಿಗಿನ ಜಗಳದ ನಡುವೆ ಉದ್ಯಮಿಯೊಬ್ಬರು ಲೈಸನ್ಸಿನ ಪಿಸ್ತೂಲಿನಿಂದ ಹಾರಿಸಿದ ಗುಂಡು ಅವರ ಹದಿಹರೆಯದ ಮಗನ ಪ್ರಾಣವನ್ನೇ ತೆಗೆಯಿತು. ಸಿಟ್ಟಿನ ಕ್ಷಣದಲ್ಲಿ ಕೈಗೆಟಕುವಂತಿದ್ದುದೇ ಆ ಆಯುಧದ ಅಪಾಯವಾಗಿತ್ತು. ಭಾರತೀಯ ನ್ಯಾಯ ಸಂಹಿತೆಯು ಕೊಡುವ ಆತ್ಮರಕ್ಷಣೆಯ ಹಕ್ಕು ಕೂಡ ಅಗತ್ಯಕ್ಕಿಂತ ಹೆಚ್ಚಿನ ಹಾನಿಗೆ ಅವಕಾಶ ಕೊಡುವುದಿಲ್ಲ. ಗುಂಡು ಹಾರಿಸಿದವನು ತನ್ನ ಅಗತ್ಯವನ್ನು ಆಮೇಲೆ ನ್ಯಾಯಾಲಯದಲ್ಲಿ ವಿವರಿಸಲೇಬೇಕು.

ಪರಸ್ಪರ ಅಪನಂಬಿಕೆ ಬೆಳೆದಿರುವ ಪೇಟೆಗಳಲ್ಲಿ ಒಬ್ಬನ ಸೊಂಟದ ಪಿಸ್ತೂಲು ಇನ್ನೊಬ್ಬನ ಅರ್ಜಿಗೆ ಕಾರಣವಾಗುತ್ತದೆ. ಸಾರ್ವಜನಿಕ ಶಾಂತಿಯ ದೃಷ್ಟಿಯಿಂದ ಅರ್ಜಿಯನ್ನು ತಿರಸ್ಕರಿಸುವ ಅಧಿಕಾರವನ್ನು ಕಾಯ್ದೆಯ 14ನೇ ಕಲಮು ಕೊಟ್ಟಿರುವುದು ಇದಕ್ಕಾಗಿಯೇ. ಆದರೆ ತಿರಸ್ಕರಿಸಿ ಸುಮ್ಮನಾಗುವ ಸರ್ಕಾರಕ್ಕೆ ಒಂದು ಹೊಣೆಯಿದೆ. ನಿನಗೆ ಪಿಸ್ತೂಲು ಬೇಡ ಎಂದು ಹೇಳಿದ ಮೇಲೆ ಬೆದರಿಕೆಗೆ ಒಳಗಾದವನ ದೂರನ್ನು ಅಂದೇ ದಾಖಲಿಸುವ, ರಾತ್ರಿ ಗಸ್ತನ್ನು ಕಾಯಂಗೊಳಿಸುವ, ಹಳೆಯ ಹತ್ಯೆ ಪ್ರಕರಣಗಳ ವಿಚಾರಣೆಯನ್ನು ಬೇಗ ಮುಗಿಸುವ ಕೆಲಸವೂ ಆಗಬೇಕು. 2025ರಲ್ಲಿ ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ ಜಿಲ್ಲೆಗಳಿಗಾಗಿ ವಿಶೇಷ ಕಾರ್ಯಪಡೆ ರಚನೆಯಾದುದರ ಸಾರ್ಥಕತೆಯನ್ನು ಅಳೆಯಬೇಕಾದದ್ದು ಈ ಕೋಲಿನಿಂದಲೇ.

ಪಿಸ್ತೂಲಿನ ಈ ಚರ್ಚೆಯ ಗದ್ದಲದಲ್ಲಿ ನಿಜವಾಗಿ ಆಯುಧದ ಅಗತ್ಯವಿರುವವನ ದನಿ ಕೇಳಿಸದೆ ಹೋಗಿದೆ. ಬೆಳ್ತಂಗಡಿಯ ಕಾಡಂಚಿನ ಗ್ರಾಮಗಳಲ್ಲಿ, ಬಂಟ್ವಾಳ ಮತ್ತು ಮೂಡುಬಿದಿರೆಯ ಅಡಿಕೆ, ತೆಂಗಿನ ತೋಟಗಳಲ್ಲಿ ಮನೆಯ ಮೂಲೆಗೆ ಒರಗಿರುವುದು ಕೇಪಿನ ಕೋವಿ ಇಲ್ಲವೆ ಒಂಟಿ ನಳಿಗೆಯ ತೋಟೆ ಕೋವಿ. ಹಂದಿ ಗೆಡ್ಡೆಯನ್ನು ಅಗೆಯುತ್ತದೆ, ಮಂಗ ಎಳನೀರನ್ನು ಉದುರಿಸುತ್ತದೆ, ಹಲಸಿನ ಪರಿಮಳ ಹಿಡಿದು ಆನೆ ಇಳಿದು ಬರುತ್ತದೆ. 2025ರ ಜುಲೈನಲ್ಲಿ ಕೊಕ್ಕಡ ಸಮೀಪದ ಸೌತಡ್ಕದಲ್ಲಿ ಕಾಡಾನೆಯ ದಾಳಿಗೆ ಒಂದು ಜೀವವೇ ಹೋಯಿತು. ಕೋವಿಯ ಲೈಸನ್ಸು ಬೇಟೆಯ ಪರವಾನಗಿಯಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಕೃಷಿಕನಿಗೂ ಅನ್ವಯಿಸುತ್ತದೆ. ಹಾಗಿದ್ದೂ ಗಾಳಿಗೆ ಹಾರಿಸುವ ಒಂದು ಈಡು ಒಂದು ರಾತ್ರಿಯ ಬೆಳೆಯನ್ನು ಉಳಿಸಬಲ್ಲುದು.

ಚುನಾವಣೆ ಘೋಷಣೆಯಾಯಿತೆಂದರೆ ಈ ಕೋವಿ ಠಾಣೆ ಸೇರಬೇಕು. 2023ರ ವಿಧಾನಸಭಾ ಚುನಾವಣೆ ಮಾರ್ಚ್ 29ರಂದು ಘೋಷಣೆಯಾಗಿ ಮೇ 13ರಂದು ಎಣಿಕೆ ನಡೆಯಿತು. 2024ರ ಲೋಕಸಭಾ ಚುನಾವಣೆಗೆ ನೀತಿಸಂಹಿತೆ ಜಾರಿಯಾದದ್ದು ಮಾರ್ಚ್ 16ರಂದು. ದಕ್ಷಿಣ ಕನ್ನಡದಲ್ಲಿ ಮತದಾನ ಏಪ್ರಿಲ್ 26ರಂದೇ ಮುಗಿದರೂ ಫಲಿತಾಂಶ ಬಂದದ್ದು ಜೂನ್ 4ಕ್ಕೆ. ಹೆಚ್ಚುಕಡಿಮೆ ಎಂಬತ್ತು ದಿನ! ಹಲಸು ಹಣ್ಣಾಗುವ, ಆನೆ ತೋಟಕ್ಕಿಳಿಯುವ ಕಾಲವೂ ಅದೇ. ಜಾಮೀನಿನ ಮೇಲಿರುವವರು, ಅಪರಾಧ ಹಿನ್ನೆಲೆಯುಳ್ಳವರು, ಹಿಂದೆ ಗಲಭೆಗಳಲ್ಲಿ ಪಾಲ್ಗೊಂಡವರು, ಇಂಥವರ ಲೈಸನ್ಸುಗಳನ್ನು ಮುಖ್ಯವಾಗಿ ಪರಿಶೀಲಿಸಬೇಕೆಂದು ಚುನಾವಣಾ ಆಯೋಗದ ಸೂಚನೆಯೇ ಹೇಳುತ್ತದೆ. ಅದಕ್ಕಾಗಿ ಜಿಲ್ಲಾಧಿಕಾರಿ ಮತ್ತು ಪೊಲೀಸ್ ಮುಖ್ಯಸ್ಥರ ಪರಿಶೀಲನಾ ಸಮಿತಿಯಿದೆ. ಒಬ್ಬೊಬ್ಬರ ಕಡತವನ್ನು ತೆರೆದು ನೋಡುವುದಕ್ಕಿಂತ ಎಲ್ಲರೂ ತಂದಿಡಿ ಎನ್ನುವುದು ಕಚೇರಿಗೆ ಸುಲಭ. ಆ ಸುಲಭದ ಬೆಲೆಯನ್ನು ತೆರುವವನು ಕೃಷಿಕ.

ಆಡಳಿತದ ಗಡಿಯೂ ಇಲ್ಲಿ ಗಮನಿಸತಕ್ಕದ್ದು. ಬಂಟ್ವಾಳ ಮತ್ತು ಬೆಳ್ತಂಗಡಿ ಠಾಣೆಗಳು ಜಿಲ್ಲಾ ಪೊಲೀಸ್ ವ್ಯಾಪ್ತಿಯಲ್ಲಿದ್ದು ಅಲ್ಲಿ ಶಸ್ತ್ರಾಸ್ತ್ರ ಲೈಸನ್ಸಿನ ಅಧಿಕಾರ ಜಿಲ್ಲಾಧಿಕಾರಿಯದು. ಮೂಡುಬಿದಿರೆ ಠಾಣೆಯು 2010ರಲ್ಲಿ ಅಸ್ತಿತ್ವಕ್ಕೆ ಬಂದ ಮಂಗಳೂರು ನಗರ ಪೊಲೀಸ್ ಕಮಿಷನರೇಟಿಗೆ ಸೇರಿದ್ದು, ಅಲ್ಲಿನ ಅಧಿಕಾರ ಕಮಿಷನರರದು. ಕಾಡುಹಂದಿಗೆ ಈ ಗಡಿ ತಿಳಿಯದು. ಒಂದೇ ಬೆಳೆಯ, ಒಂದೇ ಕಷ್ಟದ ಕೃಷಿಕರು ಎರಡು ಕಚೇರಿಗಳಿಂದ ಎರಡು ಬಗೆಯ ಉತ್ತರ ಪಡೆಯದಂತೆ ಇಬ್ಬರೂ ಅಧಿಕಾರಿಗಳು ಒಂದೇ ಮಾನದಂಡವನ್ನು ಮುಂಚಿತವಾಗಿ ಪ್ರಕಟಿಸುವುದು ಉಚಿತ.

ಆಯುಧವೊಂದು ಎರಡು ಕೆಲಸಕ್ಕೆ ಒದಗುವುದೇ ಇಲ್ಲವೆಂದೇನೂ ಅಲ್ಲ. ನೆರೆಯ ಕೊಡಗಿನಲ್ಲಿ ತೋಟ ಕಾಯುವ ಕೋವಿಗೇ ಕೈಲ್ ಪೊಳ್ದ್ ಹಬ್ಬದಲ್ಲಿ ಪೂಜೆ ಸಲ್ಲುತ್ತದೆ. ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆಗಳೂ ನಡೆಯುತ್ತವೆ. ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಇರುವ ವಿನಾಯಿತಿಯನ್ನು ಕೇಂದ್ರವು 2029ರವರೆಗೆ ಮುಂದುವರಿಸಿದೆ. ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿದಿದೆ. ಅಲ್ಲಿ ಅದು ಸಾಧ್ಯವಾದುದಕ್ಕೆ ಕಾರಣವಿದೆ. ಆ ಕೋವಿ ಎಲ್ಲರಿಗೂ ಕಾಣುವಂಥದ್ದು. ಯಾರ ಮನೆಯಲ್ಲಿದೆ, ಯಾವ ದಿನ ಹೊರಬರುತ್ತದೆ ಎಂಬುದು ಊರಿಗೇ ಗೊತ್ತು. ಮರೆಮಾಚಿ ಒಯ್ಯುವ ಪಿಸ್ತೂಲಿಗೆ ಅಂಥ ಊರಿನ ಕಣ್ಗಾವಲು ಇರುವುದಿಲ್ಲ.

ಆದ್ದರಿಂದ ಆಗಬೇಕಾದ ಕೆಲಸ ಮೂರು. ಮೊದಲನೆಯದು, ಬೆಳೆ ರಕ್ಷಣೆಯ ಕೋವಿಗಳನ್ನು ಪ್ರತ್ಯೇಕ ಪಟ್ಟಿ ಮಾಡಿ, ಚುನಾವಣೆ ಘೋಷಣೆಗೆ ಮುನ್ನವೇ ಪರಿಶೀಲನೆ ಮುಗಿಸಿ, ನಿಷ್ಕಳಂಕ ಕೃಷಿಕರಿಗೆ ವಿನಾಯಿತಿ ಪತ್ರ ಕೊಡುವುದು. ಎರಡನೆಯದು, ಗುರಿಯಿಡುವ ಆಸೆಯ ಯುವಜನರಿಗೆ ಮೂಡುಬಿದಿರೆ, ಉಜಿರೆಯಂಥ ವಿದ್ಯಾಕೇಂದ್ರಗಳಲ್ಲಿ ಹತ್ತು ಮೀಟರಿನ ಏರ್ ಪಿಸ್ತೂಲು ಅಂಕಣಗಳನ್ನು ಒದಗಿಸುವುದು. 20 ಜೂಲ್ ಶಕ್ತಿಯನ್ನೂ .177 ಬೋರನ್ನೂ ಮೀರದ ಏರ್ ಆಯುಧಕ್ಕೆ 2016ರ ನಿಯಮಗಳಲ್ಲಿ ಲೈಸನ್ಸಿನ ಅಗತ್ಯವಿಲ್ಲ. ಒಲಿಂಪಿಕ್ ದಾರಿ ಆರಂಭವಾಗುವುದೂ ಅಲ್ಲಿಂದಲೇ. ಮೂರನೆಯದು, ಆತ್ಮರಕ್ಷಣೆಯ ಪಿಸ್ತೂಲಿಗೆ ಅರ್ಜಿ ಬಂದಾಗ ಅರ್ಜಿದಾರನ ಪ್ರಭಾವವನ್ನು ಬದಿಗಿಟ್ಟು ಅವನಿಗಿರುವ ಅಪಾಯವನ್ನು ತೂಗುವುದು. ಕೊಟ್ಟ ಬಳಿಕವೂ ತರಬೇತಿ ಮತ್ತು ಭದ್ರ ಕಪಾಟಿನ ತಪಾಸಣೆಯನ್ನು ನಡೆಸುತ್ತಿರುವುದು.

ಗುರಿಗೆ ಒಂದು, ರಕ್ಷಣೆಗೆ ಒಂದು, ತೋಟಕ್ಕೆ ಒಂದು ಎಂದು ಕಾಯ್ದೆಯೇ ಬೇರ್ಪಡಿಸಿ ಇಟ್ಟಿದೆ. ಕೊಳ್ಳುವವನು ಈ ಭೇದವನ್ನು ಅರಿತರೆ ಹಣ ಉಳಿದೀತು. ಆಡಳಿತ ಅರಿತರೆ ಮುಂದಿನ ಚುನಾವಣೆಯ ಬೇಸಿಗೆಯಲ್ಲಿ ಬೆಳ್ತಂಗಡಿಯ ಕೃಷಿಕನ ಬೆಳೆ ಉಳಿದೀತು.